ಸೋರುವ ಮಾಳಿಗೆಗೆ ಗಿಟಾರಿನ ತೇಪೆ

ಸಿಂಧನೂರು ತಾಲ್ಲೂಕಿನ ಸಾಲಗುಂದದಂಥ ಊರಿನ ಭಜನೆಕಟ್ಟೆಯಲ್ಲಿ ಮೊಮ್ಮಗನೊಬ್ಬ ಮೊಬೈಲಿನಲ್ಲಿ ರಘು ದೀಕ್ಷಿತ್ ಪ್ರಾಜೆಕ್ಟ್‌ನ ‘ಸೋರುತಿಹುದು ಮನೆಯ ಮಾಳಿಗಿ’ ಹಚ್ಚಿದನೆನ್ನಿ. ಏಕತಾರಿ ಹಿಡಿದ ಅಜ್ಜ ಮೊದಲು ಕಿವಿ ಮುಚ್ಚಿಕೊಂಡಾನು. ಎರಡನೇ ಸಲಕ್ಕೆ ಕಾಲಿನ ಹೆಬ್ಬೆರಳು ತಾನಾಗಿ ತಾಳ ಹಾಕುತ್ತಿರುತ್ತದೆ. “ಪದ ನಮ್ದ ಐತಿ, ಗದ್ಲ ಅಷ್ಟ ಅವರ್ದು!”

ಈ ಪದ ಕಟ್ಟಿದ ಶಿಶುನಾಳ ಶರೀಫರ (1819–1889) ಪದಗಳಿಗೆ ವೇಷ ಬದಲಿಸುವುದು ಹೊಸತಲ್ಲ. 1990ರ ‘ಸಂತ ಶಿಶುನಾಳ ಶರೀಫ’ ಚಿತ್ರಕ್ಕೆ ಸಿ. ಅಶ್ವಥ್ ಸಂಗೀತ ಕೊಟ್ಟರು. ಏರುಕಂಠದ ಆ ಧಾಟಿ ಮನೆಮನೆಗೂ ಹೊಕ್ಕಿತು. 2008ರಲ್ಲಿ ರಘು ದೀಕ್ಷಿತ್ ಪ್ರಾಜೆಕ್ಟ್‌ನ ‘ಅಂತರಾಗ್ನಿ’ ಆಲ್ಬಮ್ ಬಂದಾಗ ಅವೇ ಪದಗಳು ಗಿಟಾರು, ಡ್ರಮ್ಸ್ ನಡುವೆ ಲುಂಗಿ ಉಟ್ಟು, ಗೆಜ್ಜೆ ಕಟ್ಟಿ ಕುಣಿದವು.

ಹಳೆಯ ಹಾಡಿಗೆ ಕೈ ಹಾಕುವಾಗ ಪರದೇಶದ ಪಂಕ್ ಹುಡುಗರು ಇಷ್ಟು ಮರ್ಯಾದಸ್ಥರಲ್ಲ. 1978ರಲ್ಲಿ ಸಿಡ್ ವಿಶಸ್ ಹಾಡಿದ ‘ಮೈ ವೇ’ ಕೇಳಿದರೆ, ಅದನ್ನು ಹಿಂದೆ ಹಾಡಿದ್ದ ಫ್ರಾಂಕ್ ಸಿನಾತ್ರಾನ ಇಸ್ತ್ರಿ ಮಾಡಿದ ಕೋಟನ್ನು ಯಾರೋ ಹರಿದು ಪಿನ್ನು ಚುಚ್ಚಿದಂತೆ. ನಮ್ಮವರು ಗದ್ದಲ ಮಾಡಿದರೂ ಕೈಮುಗಿದೇ ಮಾಡುತ್ತಾರೆ.

ಅಜ್ಜನ ಚಿಂತೆ ಮಾತ್ರ ಬೇರೆ. ಅವನದು ಮಣ್ಣಿನ ಮಾಳಿಗೆ, ಎದುರಿಗೆ ಮಳೆಗಾಲ. “ಹಿಂಗ ಜಿಗದಾಡಿದ್ರ ಇನ್ನಷ್ಟು ಸೋರ್ತದಲ್ಲೋ ತಮ್ಮಾ!”