ಪೂರ್ವಧೃತ ಸವಾರಿಸಾಮಗ್ರಿ ವ್ಯಾಜ್ಯಮೀಮಾಂಸೆ

ಒಬ್ಬ ದ್ವಿಚಕ್ರಾರೂಢನು ತನ್ನ ಮೈಮೇಲಿಂದ ಕಳಚಿದ ಹೆಲ್ಮೆಟ್, ಜಾಕೆಟ್, ಗ್ಲೋವ್ಸ್, ಬೂಟು, ನೀ ಗಾರ್ಡ್ ಮೊದಲಾದವನ್ನು ಅಂತರ್ಜಾಲದ ಮೂಲಕ ಇನ್ನೊಬ್ಬ ದ್ವಿಚಕ್ರಾರೂಢನಿಗೆ ಮಾರಿದ ತರುವಾಯ ಉಭಯತರ ನಡುವೆ ಹುಟ್ಟುವ ಜ್ಞಾನಾತ್ಮಕ, ಮೌಲ್ಯಾತ್ಮಕ ಹಾಗೂ ಬೈಗುಳಾತ್ಮಕ ಸಂಘರ್ಷವನ್ನು ಪೂರ್ವಧೃತ ಸವಾರಿಸಾಮಗ್ರಿ ವ್ಯಾಜ್ಯ ಎನ್ನಲಾಗುತ್ತದೆ. ಕುದುರೆಯ ಜೀನು, ಲಗಾಮು, ರಿಕಾಪುಗಳು ಈ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ. ಅಲ್ಲಿ ಕುದುರೆಯೂ ಒಬ್ಬ ಕಕ್ಷಿದಾರನಾದ್ದರಿಂದ ಅದಕ್ಕೆ ಪ್ರತ್ಯೇಕ ಸಂಪುಟವೇ ಬೇಕು. ಈ ಕ್ಷೇತ್ರದಲ್ಲಿ ಪೂರ್ವಸೂರಿಗಳ ಕೆಲಸ ಇಲ್ಲವೆಂಬುದೇ ಅಧ್ಯಯನದ ಮಹತ್ವವನ್ನು ಸಾರುತ್ತದೆ ಎಂದು ಬರೆಯುವುದು ಮಹಾಪ್ರಬಂಧಗಳ ವಾಡಿಕೆ. ಯಾರೂ ಮಾಡದೆ ಬಿಟ್ಟದ್ದಕ್ಕೆ ಬೇರೆ ಕಾರಣಗಳೂ ಇರಬಹುದು. ಅವನ್ನು ಚರ್ಚಿಸುವ ವಾಡಿಕೆ ಇಲ್ಲ.

ಕ್ಷೇತ್ರಕಾರ್ಯದ ನೆಲೆ ಬೆಂಗಳೂರು. ಭಾನುವಾರ ಬೆಳಗಿನ ಜಾವ ನಂದಿ ಬೆಟ್ಟದ ದಾರಿ ಹಿಡಿದು, ಇಡ್ಲಿ ತಿಂದು, ಫೋಟೋ ತೆಗೆಸಿಕೊಂಡು ಮರಳುವ ಸಮುದಾಯ ಇಲ್ಲಿ ದೊಡ್ಡದು. ಇವರಲ್ಲಿ ಒಂದು ಪಾಲು ಬೈಕಿಗಿಂತ ಮೊದಲು ಜಾಕೆಟ್ ಕೊಳ್ಳುತ್ತದೆ. ಆಮೇಲೆ ಮದುವೆ, ಮಗು, ಮನೆಸಾಲ, ಬೆನ್ನುನೋವು ಇತ್ಯಾದಿ ಐತಿಹಾಸಿಕ ಒತ್ತಡಗಳಿಂದ ಸಾಮಗ್ರಿ ಅಟ್ಟ ಸೇರುತ್ತದೆ. ಅಟ್ಟದಿಂದ ಅದು ಇಳಿದು ಬರುವ ದಿನವೇ ವ್ಯಾಜ್ಯದ ಗರ್ಭಾಂಕುರ.

ವಿಕ್ರಯಪಠ್ಯದ ವ್ಯಾಖ್ಯಾನಶಾಸ್ತ್ರದಿಂದಲೇ ವಿವೇಚನೆ ಆರಂಭವಾಗಬೇಕು. "ಬರೀ ಎರಡು ಸಲ ಹಾಕಿದ್ದು" ಎಂಬ ಮಹಾವಾಕ್ಯವನ್ನು ನೋಡಬಹುದು. ವಾಚ್ಯಾರ್ಥದಲ್ಲಿ ಇದು ಸುಳ್ಳಲ್ಲ. ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ; ಹೋದದ್ದು ಲಡಾಖಿಗೆ ಎಂಬುದು ವ್ಯಂಗ್ಯಾರ್ಥ. "ನಾರ್ಮಲ್ ವೇರ್ ಅಂಡ್ ಟೇರ್" ಎಂದರೆ ಮೊಣಕೈ ಹತ್ತಿರ ಬಟ್ಟೆ ತೇದು ಒಳಗಿನ ಜಾಲರಿ ಕಾಣುತ್ತಿದೆ ಎಂದರ್ಥ. "ಸೈಜ್ ಆಗ್ಲಿಲ್ಲ, ಅದಕ್ಕೇ ಕೊಡ್ತಿರೋದು" ಎಂಬುದು ನಂಬಲರ್ಹ, ಏಕೆಂದರೆ ಮೂರು ವರ್ಷ ಆಗುತ್ತಿದ್ದ ಸೈಜು ನಾಲ್ಕನೆಯ ವರ್ಷ ಆಗದೆ ಹೋಗುವುದು ಸಹಜ. ಪಠ್ಯದ ಜೊತೆ ಬರುವ ಚಿತ್ರಸಂಪುಟದಲ್ಲಿ ಸಾಮಾನ್ಯವಾಗಿ ಐದು ಫೋಟೋ ಇರುತ್ತವೆ. ಐದರಲ್ಲೂ ಹೆಲ್ಮೆಟ್ಟಿನ ಎಡಗೆನ್ನೆಯೇ ಕಾಣುತ್ತಿದ್ದರೆ ಬಲಗೆನ್ನೆಯ ವಿಷಯದಲ್ಲಿ ಸಂಶೋಧಕರು ಊಹಾಸಿದ್ಧಾಂತವೊಂದನ್ನು ಕಟ್ಟಿಕೊಳ್ಳಬಹುದು.

ವ್ಯಾಜ್ಯದ ಬೆಳವಣಿಗೆಯನ್ನು ಅಳೆಯಲು ಸಂಬೋಧನಾವರೋಹಣ ಮಾಪನವೇ ಅತ್ಯಂತ ವಿಶ್ವಾಸಾರ್ಹ. ಮೊದಲ ದಿನ ಕೊಳ್ಳುವವನು "ಸರ್, ಇದ್ಯಾ?" ಎಂದು ಕೇಳುತ್ತಾನೆ. ಮಾರುವವನು "ಇದೆ ಸರ್" ಎನ್ನುತ್ತಾನೆ. ಚೌಕಾಸಿಯ ಹಂತದಲ್ಲಿ ಇಬ್ಬರೂ ಬ್ರೋ ಆಗುತ್ತಾರೆ: "ಬ್ರೋ, ಲಾಸ್ಟ್ ಎಷ್ಟು?" "ಬ್ರೋ, ಹೊಸದು ಎಷ್ಟಿದೆ ಅಂತ ನೋಡಿದೀರಾ?" ಅಡ್ವಾನ್ಸ್ ಹೋದ ಕೂಡಲೆ ಆತ್ಮೀಯತೆ ಉತ್ಕರ್ಷಕ್ಕೇರಿ "ಗುರು, ದುಡ್ಡು ಹಾಕಿದೀನಿ, ಬೇರೆಯವ್ರಿಗೆ ಕೊಟ್ಬಿಡ್ಬೇಡಿ" ಎಂಬಲ್ಲಿಗೆ ಮುಟ್ಟುತ್ತದೆ. ಪಾರ್ಸೆಲ್ ಬಿಚ್ಚಿದ ಮೇಲಿನದು "ಏನ್ರೀ ಇದು?" ಎಂಬ ಹಂತ. ಇದಕ್ಕೆ ಪ್ರತಿಯಾಗಿ ಬರುವ "ನೋಡಪ್ಪ, ನೋಡ್ಕೊಂಡು ತಗೋಬೇಕಿತ್ತು" ಎಂಬಲ್ಲಿ ಬಹುವಚನ ಅಸ್ತಂಗತವಾಗುತ್ತದೆ. ಅಲ್ಲಿಂದ ಮುಂದೆ ಇಬ್ಬರೂ ಇಂಗ್ಲಿಷಿಗೆ ತಿರುಗುತ್ತಾರೆ. ಇಬ್ಬರು ಕನ್ನಡಿಗರ ಜಗಳ "ಐ ವಿಲ್ ಟೇಕ್ ಲೀಗಲ್ ಆಕ್ಷನ್" ಎಂಬಲ್ಲಿಗೆ ಬಂತೆಂದರೆ ಹಣ ವಾಪಸು ಬರುವುದಿಲ್ಲವೆಂದು ಧಾರಾಳವಾಗಿ ಹೇಳಬಹುದು.

ವ್ಯಾಜ್ಯದ ವಸ್ತುವನ್ನು ವರ್ಗೀಕರಿಸಲು ಅನ್ನಂಭಟ್ಟನ ತರ್ಕಸಂಗ್ರಹದಲ್ಲಿ ಬರುವ ನಾಲ್ಕು ಬಗೆಯ ಅಭಾವಗಳಿಗಿಂತ ಉತ್ತಮ ಚೌಕಟ್ಟು ಇಲ್ಲ. ಏಕೆಂದರೆ ಇಲ್ಲಿನ ಎಲ್ಲ ತಕರಾರೂ ಏನೋ ಒಂದು ಇಲ್ಲ ಎಂಬುದರ ಬಗೆಗೇ. ಒಂದು, ಪ್ರಾಗಭಾವ. ವಸ್ತು ಹುಟ್ಟುವ ಮುಂಚಿನ ಇಲ್ಲದಿರುವಿಕೆ ಇದು; "ಬಿಲ್ ಮನೇಲಿದೆ, ಹುಡುಕಿ ಕಳಿಸ್ತೀನಿ" ಎಂಬುದು ಇದರ ಲಕ್ಷ್ಯ. ಶಾಸ್ತ್ರದ ಪ್ರಕಾರ ಪ್ರಾಗಭಾವಕ್ಕೆ ಆದಿಯಿಲ್ಲ, ಅಂತ್ಯವುಂಟು. ಬಿಲ್ಲಿನ ಪ್ರಾಗಭಾವಕ್ಕೆ ಅಂತ್ಯವೂ ಇಲ್ಲವೆಂದು ಕಂಡುಬಂದಿರುವುದರಿಂದ ಈ ಒಂದು ಅಂಶದಲ್ಲಿ ಪ್ರಸ್ತುತ ಅಧ್ಯಯನ ಅನ್ನಂಭಟ್ಟನನ್ನು ವಿನಯಪೂರ್ವಕವಾಗಿ ತಿದ್ದುತ್ತದೆ. ಎರಡು, ಪ್ರಧ್ವಂಸಾಭಾವ. ಇದ್ದದ್ದು ಹಾಳಾಗಿ ಇಲ್ಲವಾಗುವುದು. ಜಾಕೆಟ್ಟಿನ ಮಳೆ ಲೈನರ್ ಒಗೆಯಲು ಬಿಚ್ಚಿದಾಗ ಎಲ್ಲೋ ಹೋದದ್ದು ಈ ಜಾತಿಗೆ ಸೇರಿದ್ದು. ಆಗುಂಬೆ ಘಾಟಿಯಲ್ಲಿ ಮಳೆ ಹಿಡಿದಾಗ ಇದರ ಜ್ಞಾನ ಪ್ರತ್ಯಕ್ಷ ಪ್ರಮಾಣದಿಂದಲೇ ಆಗುತ್ತದೆ.

ಮೂರನೆಯದು ಅತ್ಯಂತಾಭಾವ, ಅಂದರೆ ಮೂರು ಕಾಲದಲ್ಲೂ ಇಲ್ಲದ್ದು. ಇದಕ್ಕೆ ಬೆನ್ನಿನ ಕವಚವೇ ಶ್ರೇಷ್ಠ ಉದಾಹರಣೆ. ಯುರೋಪಿನ ಮಾನದಂಡ ಇಎನ್ 1621-2ರ ಪ್ರಕಾರ ಬೆನ್ನಿನ ಕವಚದ ಮೇಲೆ ಪೆಟ್ಟು ಬಿದ್ದಾಗ ಒಳಕ್ಕೆ ದಾಟುವ ಬಲ ಲೆವೆಲ್ 1ರಲ್ಲಿ ಸರಾಸರಿ 18 ಕಿಲೋನ್ಯೂಟನ್, ಲೆವೆಲ್ 2ರಲ್ಲಿ 9 ಕಿಲೋನ್ಯೂಟನ್ ಮೀರುವಂತಿಲ್ಲ. ಬಹಳಷ್ಟು ಜಾಕೆಟ್ಟುಗಳಲ್ಲಿ ಭುಜ, ಮೊಣಕೈಗೆ ನಿಜವಾದ ಆರ್ಮರ್ ಇದ್ದು ಬೆನ್ನಿನ ಕಿಸೆಯಲ್ಲಿ ಮಾತ್ರ ಬರೀ ಸ್ಪಂಜಿನ ಹಾಳೆ ಇರುತ್ತದೆ. ಕಂಪನಿಯೇ ಹಾಗೆ ಕೊಟ್ಟಿರುತ್ತದೆ. "ಬ್ಯಾಕ್ ಪ್ರೊಟೆಕ್ಟರ್ ಇದೆ" ಎಂದು ಬರೆದ ಮಾರಾಟಗಾರ ಆ ಕಿಸೆಗೆ ಕೈ ಹಾಕಿ ನೋಡಿರುವುದೇ ಇಲ್ಲ; ಕೊಂಡವನು ನೋಡುತ್ತಾನೆ. ನಾಲ್ಕನೆಯದು ಅನ್ಯೋನ್ಯಾಭಾವ: ಘಟವು ಪಟವಲ್ಲ, ಎಮ್ಮು ಎಲ್ಲಲ್ಲ. ಯುರೋಪಿನ 50 ಎಂಬ ಅಳತೆ ಬ್ರಿಟನ್ನಿನಲ್ಲಿ 40 ಆಗುತ್ತದೆ. ಅದು ಬಸವೇಶ್ವರನಗರದಲ್ಲಿ ಏನಾಗುತ್ತದೆ ಎಂಬುದು ಹಾಕಿ ನೋಡಿದ ಮೇಲಷ್ಟೇ ಗೊತ್ತಾಗುವ ಸಂಗತಿ. ಮಾರಿದವನು ಫೋನ್ ಎತ್ತದಿರುವುದು ಈ ನಾಲ್ಕರಲ್ಲಿ ಯಾವುದಕ್ಕೆ ಸೇರುತ್ತದೆಂದು ನಿರ್ಣಯಿಸಲು ಐದನೆಯ ಅಭಾವವನ್ನು ಕಲ್ಪಿಸಬೇಕಾಗುತ್ತದೆ. ಅದರ ಬದಲು ವರ್ಗೀಕರಣವನ್ನೇ ಇಲ್ಲಿಗೆ ಕೈಬಿಡಲಾಗಿದೆ.

ಕೈಬಿಡಲು ಇನ್ನೊಂದು ಕಾರಣ ಬೂಟು. "ಡಬ್ಬಿಯಿಂದ ತೆಗೆದೇ ಇಲ್ಲ, ಐದಾರು ವರ್ಷದಿಂದ ಅಟ್ಟದ ಮೇಲಿತ್ತು, ಹೊಸದೇ" ಎಂದು ಮಾರಿದ ಬೂಟು ಹೊಸದಾಗಿಯೇ ಬರುತ್ತದೆ. ಹೊಳೆಯುತ್ತಿರುತ್ತದೆ. ಅದನ್ನು ಹಾಕಿಕೊಂಡು ಹೊರಟವನು ದೇವನಹಳ್ಳಿ ದಾಟುವಷ್ಟರಲ್ಲಿ ಅಟ್ಟೆ ಬಾಯಿ ಬಿಡುತ್ತದೆ, ಇಳಿದು ನೋಡಿದರೆ ರಸ್ಕಿನಂತೆ ಪುಡಿ ಉದುರುತ್ತಿರುತ್ತದೆ. ಪಾಲಿಯುರೆಥೇನ್ ಅಟ್ಟೆಯೊಳಕ್ಕೆ ಗಾಳಿಯ ತೇವ ಹೊಕ್ಕು ಅದರ ಅಣುಸರಪಳಿಯನ್ನು ವರ್ಷಗಟ್ಟಲೆ ಕಡಿಯುತ್ತ ಹೋಗುತ್ತದೆ. ದಿನಾ ಹಾಕಿ ನಡೆದ ಬೂಟಿಗಿಂತ ಡಬ್ಬಿಯಲ್ಲೇ ಮಲಗಿದ್ದ ಬೂಟಿಗೆ ಈ ರೋಗ ಜಾಸ್ತಿ. ಮಲೆನಾಡು, ಕರಾವಳಿಯ ಹಸಿಗಾಳಿಯಲ್ಲಿ ಇನ್ನೂ ಬೇಗ. ಮಾರಿದವನು ಹೇಳಿದ್ದು ಅಕ್ಷರಶಃ ನಿಜ, ಕೊಂಡವನು ಹೇಳುವುದೂ ನಿಜ. ಇಬ್ಬರೂ ಸತ್ಯವಂತರಾಗಿರುವ ವ್ಯಾಜ್ಯ ಇದೊಂದೇ, ಎಲ್ಲಕ್ಕಿಂತ ಜೋರಾಗಿ ನಡೆಯುವುದೂ ಇದೇ.

ಕಾನೂನಿನ ನೆಲೆಯಲ್ಲಿ ವಿಷಯ ಹೀಗಿದೆ. 1930ರ ಸರಕು ಮಾರಾಟ ಕಾಯ್ದೆ ಆ ವರ್ಷ ಜುಲೈ 1ರಂದು ಜಾರಿಗೆ ಬಂತು. ಅದರ 16ನೇ ಕಲಮಿನ ಪ್ರಕಾರ, ಕೆಲವು ಅಪವಾದಗಳನ್ನು ಬಿಟ್ಟರೆ, ಸರಕಿನ ಗುಣಮಟ್ಟಕ್ಕೆ ತಾನಾಗಿ ಬರುವ ಖಾತರಿ ಇಲ್ಲ. ನೋಡಿ ಕೊಳ್ಳುವುದು ಕೊಳ್ಳುವವನ ಪಾಡು. 15ನೇ ಕಲಮಿನ ಪ್ರಕಾರ ವಿವರಣೆ ಕೊಟ್ಟು ಮಾರಿದ ಸರಕು ಆ ವಿವರಣೆಗೆ ಹೊಂದಲೇಬೇಕು. ಮಾರಿದವನು ಓದದೆಯೇ 16ನ್ನು ನೆಚ್ಚುತ್ತಾನೆ, ಕೊಂಡವನು ಓದದೆಯೇ 15ನ್ನು. ವಿವರಣೆಯ ಸ್ಕ್ರೀನ್‌ಶಾಟ್ ಇಟ್ಟುಕೊಂಡವನ ಕೈ ಮೇಲು. ಕ್ರಿಮಿನಲ್ ಕಡೆ, ವಂಚನೆಯ ಹಳೆಯ 420 ಈಗ ಇಲ್ಲ. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 318. ಆದರೂ ಟೋಪಿ ಬಿದ್ದವನು ಸಿಟ್ಟಿನ ಭರದಲ್ಲಿ ಫೋರ್ ಟ್ವೆಂಟಿ ಎಂದೇ ಬೈಯುತ್ತಾನೆ. ಕಾಯ್ದೆ ಹುಟ್ಟಿದ ವರ್ಷವೂ ಸೈಬರ್ ಹಣಕಾಸು ವಂಚನೆಯ ಸಹಾಯವಾಣಿಯ ಸಂಖ್ಯೆಯೂ 1930 ಆಗಿರುವುದು ಕೇವಲ ಕಾಕತಾಳೀಯ. ಇಷ್ಟರ ಮೇಲೆ ಒಂದು ಅಧ್ಯಾಯ ಬರೆದು ಪಿಎಚ್.ಡಿ. ಪಡೆಯಬಲ್ಲವರು ನಾಡಿನಲ್ಲಿ ಇದ್ದಾರೆ, ಪಡೆದೂ ಇದ್ದಾರೆ.

ಆ ಸಹಾಯವಾಣಿ ಲೈನರ್ ಕಳೆದುಹೋದ ಜಾಕೆಟ್ಟಿಗಲ್ಲ. ಜಾಕೆಟ್ಟೇ ಇರದಿದ್ದ ಮಾರಾಟಕ್ಕೆ. ಬೇರೆ ಯಾರದೋ ಫೋಟೋ ಹಾಕಿ, "ಸೈನ್ಯದಲ್ಲಿದ್ದೀನಿ, ಟ್ರಾನ್ಸ್‌ಫರ್ ಆಗಿದೆ" ಎಂದು ನಂಬಿಸಿ, ಟೋಕನ್ ಹಣ ಹಾಕಿಸಿಕೊಂಡು ನಂಬರ್ ಬಂದ್ ಮಾಡುವವರು ಇದ್ದಾರೆ. ಮಾರುವವನಿಗೇ ಕ್ಯುಆರ್ ಕೋಡ್ ಕಳಿಸಿ "ಸ್ಕ್ಯಾನ್ ಮಾಡಿ, ದುಡ್ಡು ಬರುತ್ತೆ" ಎನ್ನುವವರೂ ಇದ್ದಾರೆ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಒತ್ತುವ ಅಗತ್ಯವೇ ಇಲ್ಲ. ಪಿನ್ ಕೇಳಿತೆಂದರೆ ಹಣ ಹೋಗುತ್ತಿದೆ ಎಂದರ್ಥ. ಹೋದ ಕೂಡಲೆ 1930ಕ್ಕೆ ಫೋನ್ ಮಾಡಿದರೆ ಅದು ಕೈಯಿಂದ ಕೈಗೆ ದಾಟುವ ಮುಂಚೆ ತಡೆಹಿಡಿಯುವ ಸಾಧ್ಯತೆ ಇರುತ್ತದೆ. ಮರ್ಯಾದೆಗೆ ಅಂಜಿ ಮಾರನೆಯ ದಿನದವರೆಗೆ ಸುಮ್ಮನಿದ್ದರೆ ಆ ಸಾಧ್ಯತೆ ತೀರಾ ಕ್ಷೀಣ.

ಇನ್ನು ಶಿರಸ್ತ್ರಾಣ. ಶಿರಸ್ತ್ರಾಣಪ್ರಾಮಾಣ್ಯವಾದವು ಸ್ಟಿಕರನ್ನೇ ಆಪ್ತವಾಕ್ಯವೆಂದು ಅಂಗೀಕರಿಸುತ್ತದೆ. ಅಮೆರಿಕದ ಡಾಟ್ ಗುರುತು ತಯಾರಕನೇ ತನಗೆ ಕೊಟ್ಟುಕೊಳ್ಳುವ ಪ್ರಮಾಣ. ಯುರೋಪಿನ ಇಸಿಇ ಗುರುತಿನಲ್ಲಿ ವೃತ್ತದೊಳಗೆ ಇ ಅಕ್ಷರ, ಪಕ್ಕದಲ್ಲಿ ಅನುಮೋದಿಸಿದ ದೇಶದ ಅಂಕಿ ಇರುತ್ತದೆ: 1 ಜರ್ಮನಿ, 3 ಇಟಲಿ, 9 ಸ್ಪೇನ್. ಈ ಮಾನದಂಡದ 22.05 ಆವೃತ್ತಿಯ ನಂತರ ಬಂದ 22.06ರಲ್ಲಿ ಓರೆಯಾಗಿ ಬೀಳುವ ಪೆಟ್ಟಿನ ಪರೀಕ್ಷೆಯೂ ಸೇರಿದೆ. ಭಾರತದಲ್ಲಿ 2021ರ ಜೂನ್ 1ರಿಂದ ದ್ವಿಚಕ್ರ ಸವಾರರ ಹೆಲ್ಮೆಟ್ಟಿಗೆ ಐಎಸ್ 4151ರ ಐಎಸ್‌ಐ ಗುರುತು ಕಡ್ಡಾಯ. ಗುರುತಿನ ಲೈಸೆನ್ಸ್ ಸಂಖ್ಯೆಯನ್ನು ಬಿಐಎಸ್ ಕೇರ್ ಆಪ್‌ನಲ್ಲಿ ಹಾಕಿ ನೋಡಬಹುದು. ಮೂರೂ ಗುರುತುಗಳ ಸ್ಟಿಕರ್ ಬಿಡಿಯಾಗಿಯೂ ಸಿಗುತ್ತದೆ ಎಂಬಲ್ಲಿಗೆ ಆಪ್ತವಾಕ್ಯ ಪ್ರಮಾಣದ ಚರ್ಚೆ ಮುಗಿಯಬಹುದು.

ಮುಗಿಯುವುದಿಲ್ಲ. ಹೆಲ್ಮೆಟ್ಟಿನ ಕೆನ್ನೆಯ ಪ್ಯಾಡನ್ನು ಎಳೆದರೆ ಚಟಕ್ ಎಂದು ಬಿಚ್ಚಿಕೊಳ್ಳುತ್ತದೆ. ತಲೆಯ ಮೇಲಿನ ಬಟ್ಟೆಯನ್ನೂ ತೆಗೆದರೆ ಹಳೆಯ ಬೆವರು, ಕೊಬ್ಬರಿ ಎಣ್ಣೆಯ ಕಮಟು ವಾಸನೆಯ ಕೆಳಗೆ ಥರ್ಮೋಕೋಲಿನಂಥ ಗಟ್ಟಿ ಪದರ ಕಾಣುತ್ತದೆ. ತಲೆ ಉಳಿಸುವುದು ಅದು; ಅದು ಉಳಿಸುವುದು ಒಂದೇ ಸಲ. ಪೆಟ್ಟು ಬಿದ್ದಾಗ ಪದರ ತಾನು ಜಜ್ಜಿಹೋಗಿ ಆ ಬಲವನ್ನು ನುಂಗುತ್ತದೆ, ಮತ್ತೆ ಉಬ್ಬುವುದಿಲ್ಲ. ಹೊರಗಿನ ಚಿಪ್ಪು ಬೇಕಾದರೆ ಮೊದಲಿನ ಆಕಾರಕ್ಕೆ ಮರಳಬಹುದು, ಪಾಲಿಶ್ ಹೊಡೆದರೆ ಗೀರೂ ಕಾಣದಿರಬಹುದು. ಒಳಗೆ ಕೂದಲೆಳೆಯ ಬಿರುಕು, ಬೆರಳು ಆಡಿಸಿದರೆ ಸಿಗುವ ಒಂದು ತಗ್ಗು, ಅಷ್ಟೇ ಗುರುತು. ಕೆಲವೊಮ್ಮೆ ಅದೂ ಇರುವುದಿಲ್ಲ.

ಇದು ಗೊತ್ತಿದ್ದೂ ಮಾರುವವರಿದ್ದಾರೆ. ತುಮಕೂರು ರಸ್ತೆಯಲ್ಲಿ ತಲೆ ಹೊಡೆಸಿಕೊಂಡು, ಆ ಹೆಲ್ಮೆಟ್ಟಿನ ದೆಸೆಯಿಂದಲೇ ಜೀವ ಉಳಿಸಿಕೊಂಡು ಮನೆಗೆ ಬಂದವನು ಗೀರಿನ ಮೇಲೆ ಗ್ರಾಫಿಕ್ಸ್ ಸ್ಟಿಕರ್ ಅಂಟಿಸಿ "ಮಿಂಟ್ ಕಂಡೀಶನ್, ಜೆನ್ಯುಯಿನ್ ಬಯರ್ಸ್ ಮಾತ್ರ" ಎಂದು ಬರೆಯುತ್ತಾನೆ. ಇದಕ್ಕೆ ಸಂಸ್ಕೃತದಲ್ಲಿ ಪದ ಹುಡುಕುವ ಅಗತ್ಯವಿಲ್ಲ. ಇದು ಕೊಲೆಗಡುಕತನ. ಲೈನರ್ ಕಳೆದದ್ದಕ್ಕೆ ನೂರು ಮೆಸೇಜು ಹಾಕಿ ಜಗಳ ಆಡುವವನು ಈ ವಿಷಯದಲ್ಲಿ ಜಗಳವೇ ಆಡುವುದಿಲ್ಲ, ಏಕೆಂದರೆ ಅವನಿಗೆ ಗೊತ್ತೇ ಆಗುವುದಿಲ್ಲ. ಗೊತ್ತಾಗುವ ದಿನ ಜಗಳ ಆಡುವ ಸ್ಥಿತಿಯಲ್ಲಿ ಅವನು ಇರುವುದಿಲ್ಲ. ಎಲ್ಲ ವ್ಯಾಜ್ಯಗಳಲ್ಲೂ ದೊಡ್ಡದಾದ ಇದಕ್ಕೆ ವಾದಿಯೇ ಇಲ್ಲ.

ಕೊಳ್ಳುವವನು ಯಾರು ಎಂಬುದನ್ನೂ ನೋಡಬೇಕು. ಮಾರುವವನು ಇನ್ನೂ ಒಳ್ಳೆಯದಕ್ಕೆ ಹೋಗುತ್ತಿರುವವನು. ಕೊಳ್ಳುವವನು ಹೊಸದಕ್ಕೆ ದುಡ್ಡಿಲ್ಲದವನು. ಮೊದಲ ನೌಕರಿಯ ಹುಡುಗ, ಹುಬ್ಬಳ್ಳಿಗೋ ಕಲಬುರಗಿಗೋ ಪಾರ್ಸೆಲ್ ತರಿಸಿಕೊಳ್ಳುವವನು, ದಿನಕ್ಕೆ ಹತ್ತು ಗಂಟೆ ರಸ್ತೆಯ ಮೇಲಿರುವ ಡೆಲಿವರಿ ಹುಡುಗ. ಹೊಸದಕ್ಕೆ 40 ಸಾವಿರ ಬೀಳುವ ವಿದೇಶಿ ಹೆಲ್ಮೆಟ್ 8 ಸಾವಿರಕ್ಕೆ ಸಿಕ್ಕಿತೆಂದು ಅವನು ಊರೆಲ್ಲ ಹೇಳಿಕೊಂಡು ಬರುತ್ತಾನೆ. ಆ ಸಂತೋಷ ನಿಜವಾದದ್ದು. ಅವನ ಬಗ್ಗೆ ಅಣಕ ಬರೆಯಲು ಮನಸ್ಸು ಬರುವುದಿಲ್ಲ.

ಒಟ್ಟು ನಿರ್ಣಯ ಇಷ್ಟು. ಜಾಕೆಟ್, ಪ್ಯಾಂಟು, ನೀ ಗಾರ್ಡ್ ಹಳೆಯವನ್ನು ಕೊಳ್ಳಬಹುದು. ಎದುರು ನಿಂತು, ಹಾಕಿ ನೋಡಿ, ಪ್ರತಿ ಕಿಸೆಗೂ ಕೈ ಹಾಕಿ, ಹೊಲಿಗೆ ಜಗ್ಗಿ ನೋಡಿ ಕೊಳ್ಳಬೇಕು. ಬೂಟಿನ ಅಟ್ಟೆಯನ್ನು ಬಗ್ಗಿಸಿ ನೋಡಬೇಕು, ತಯಾರಾದ ವರ್ಷ ಕೇಳಬೇಕು. ಗುರುತಿಲ್ಲದವನ ಹೆಲ್ಮೆಟ್ ಎಷ್ಟೇ ಅಗ್ಗಕ್ಕೆ ಬಂದರೂ ಬೇಡ. ಅದರ ಬದಲು ಸಾವಿರ ಚಿಲ್ಲರೆ ರೂಪಾಯಿಯ ಹೊಸ ಐಎಸ್‌ಐ ಹೆಲ್ಮೆಟ್ ಮೇಲು. ಪೆಟ್ಟು ತಿಂದ ಹೆಲ್ಮೆಟ್ ಮನೆಯಲ್ಲಿದ್ದವರು ಅದನ್ನು ಮಾರಬಾರದು, ತಮ್ಮನಿಗೂ ಕೊಡಬಾರದು. ಗುಜರಿಗೆ ಹಾಕುವ ಮುಂಚೆ ಗದ್ದದ ಪಟ್ಟಿಯನ್ನು ಎರಡೂ ಕಡೆ ಕತ್ತರಿಯಿಂದ ಕತ್ತರಿಸಿಬಿಡಬೇಕು.