ಅಪಸ್ವರೋದ್ಧಾರ ಮೀಮಾಂಸೆ

ಶಾಸ್ತ್ರಗ್ರಂಥವೆಂದ ಮೇಲೆ ಅದಕ್ಕೆ ಅಧಿಕಾರಿ ಯಾರೆಂದು ಮೊದಲು ಹೇಳಬೇಕು. ದನಿಯ ಶ್ರುತಿ ತಿದ್ದುವ ತಂತ್ರಾಂಶಕ್ಕೆ ಅಧಿಕಾರಿಗಳು ಮೂರು ಬಗೆ. ಶ್ರುತಿ ತಪ್ಪದೆ ಹಾಡುವವರು ಉತ್ತಮರು. ಅವರಿಗೆ ಅದು ಬೇಕಿಲ್ಲ, ಆದ್ದರಿಂದ ಎಲ್ಲಕ್ಕಿಂತ ದುಬಾರಿಯದನ್ನೇ ಕೊಳ್ಳುತ್ತಾರೆ. ಆಗಾಗ ತಪ್ಪುವವರು ಮಧ್ಯಮರು. ಉಚಿತ ಪ್ರಯೋಗದ ಅವಧಿಯಲ್ಲೇ ಇಡೀ ಆಲ್ಬಂ ಮುಗಿಸುತ್ತಾರೆ. ತಪ್ಪಿದ್ದೇ ತಿಳಿಯದವರು ಅಧಮರು; ಅವರಿಗೆ ಕೇಳುಗರೇ ಚಂದಾ ಎತ್ತಿ ಕೊಡಿಸಬೇಕು. ಗ್ರಂಥಕರ್ತನದು ಯಾವ ವರ್ಗವೆಂಬುದು ಮುಂದೆ ತಾನಾಗಿ ತಿಳಿದೀತು.

ಇನ್ನು ಉತ್ಪತ್ತಿ ಪ್ರಕರಣ. ಆಂಡಿ ಹಿಲ್ಡೆಬ್ರ್ಯಾಂಡ್ ಎಂಬ ಅಮೆರಿಕದ ಋಷಿ ಮೊದಲು ಎಣ್ಣೆ ಹುಡುಕುವವರ ಪೈಕಿ. ನೆಲದೊಳಕ್ಕೆ ಸದ್ದು ಕಳಿಸಿ, ಮರಳಿ ಬಂದ ಪ್ರತಿಧ್ವನಿಯನ್ನು ಗುಣಿಸಿ ಭಾಗಿಸಿ ಒಳಗೇನಿದೆ ಎಂದು ಹೇಳುವ ವಿದ್ಯೆ ಅವರದು. ಆ ಗಣಿತವನ್ನೇ ಮನುಷ್ಯರ ಗಂಟಲ ಕಡೆ ತಿರುಗಿಸಿ 1997ರಲ್ಲಿ ಆಟೋಟ್ಯೂನ್ ಹೊರತಂದರು. ಎಣ್ಣೆಗೂ ಗಾನಕ್ಕೂ ಏನು ಸಂಬಂಧ ಎನ್ನಬಾರದು. ಜಾರಿಸುವುದು ಎರಡಕ್ಕೂ ಸಮಾನಧರ್ಮ. ಮರುವರ್ಷ ಶೆರ್ ಎಂಬ ಗಾಯಕಿಯ ‘ಬಿಲೀವ್’ ಹಾಡಿನಲ್ಲಿ ತಿದ್ದುವ ವೇಗವನ್ನು ಕೊನೆಮುಟ್ಟ ಏರಿಸಿ, ದನಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದರು. ಹೇಗೆ ಮಾಡಿದಿರಿ ಎಂದು ಕೇಳಿದವರಿಗೆ ಮೊದಮೊದಲು ಬೇರೊಂದು ಯಂತ್ರದ ಹೆಸರು ಹೇಳಿದರಂತೆ. ಸಾರಿನಪುಡಿಯ ಅಳತೆ ಕೇಳಿದರೆ ಅಡುಗೆಭಟ್ಟರು ಕೊಡುವ ಉತ್ತರವೂ ಇಷ್ಟೇ ಪ್ರಾಮಾಣಿಕ.

ಎರಡನೆಯ ದರ್ಶನ ಜರ್ಮನಿಯ ಮೆಲೊಡೈನ್. ಇದು ಹಾಡಿ ಮುಗಿದ ಮೇಲೆ ಒಂದೊಂದು ಸ್ವರವನ್ನೂ ತೆರೆಯ ಮೇಲೆ ಸಂಡಿಗೆಯಂತೆ ಹರವುತ್ತದೆ. ಬೇಕಾದ ಸಂಡಿಗೆಯನ್ನಷ್ಟೇ ಮೇಲಕ್ಕೋ ಕೆಳಕ್ಕೋ ಸರಿಸಬಹುದು. ಸ್ವರದ ನೆಲೆ ಸರಿಸಿಯೂ ಅದರ ಓಲಾಟ ಉಳಿಸಬಹುದು. ತಾಳ್ಮೆಯಿದ್ದವರಿಗೆ ಇದೇ ಮೇಲು ಎಂಬುದು ಗ್ರಂಥಕರ್ತನ ಮತ. ಅವನಿಗೆ ತಾಳ್ಮೆಯಿಲ್ಲ.

ಇಲ್ಲಿ ಪೂರ್ವಪಕ್ಷಿ ಎದ್ದು, ಯಾವುದಾದರೇನು, ಸ್ವರ ನೆಟ್ಟಗಾದರೆ ಸಾಲದೆ ಎನ್ನುತ್ತಾನೆ. ಕೂರಪ್ಪ. ತಂತ್ರಾಂಶದ ಲೆಕ್ಕದಲ್ಲಿ ಒಂದು ಸ್ಥಾಯಿ ಎಂದರೆ 1200 ಸೆಂಟ್, ನೂರರಂತೆ ಹನ್ನೆರಡು ಸಮಪಾಲು. ತಂಬೂರಿಯ ಮಂದ್ರ ತಂತಿ ಮೀಟಿದಾಗ ತಾನಾಗಿ ಹೊಮ್ಮುವ ಗಾಂಧಾರವಿದೆಯಲ್ಲ, ಅದು ಷಡ್ಜದಿಂದ ಸುಮಾರು 386 ಸೆಂಟ್ ಮೇಲೆ. ತಂತ್ರಾಂಶವೋ 400ರಲ್ಲಿ ಕೂತು ಬಾ ಎನ್ನುತ್ತದೆ. ತಂಬೂರಿಗೆ ಸೇರಿಸಿ ಹಾಡಿದ ತಪ್ಪಿಗೆ 14 ಸೆಂಟ್ ದಂಡ!

ಅದೂ ಹೋಗಲಿ. ತೋಡಿಯ ಗಾಂಧಾರ ಹೆಸರಿಗಷ್ಟೇ ಗಾಂಧಾರ. ರಿಷಭದ ಮನೆಗೂ ಮಧ್ಯಮದ ಮನೆಗೂ ಓಡಾಡಿಕೊಂಡೇ ಅದರ ಸಂಸಾರ. ಇಂಥ ಓಡಾಟಗಳನ್ನು 13ನೆಯ ಶತಮಾನದ ಶಾರ್ಙ್ಗದೇವ ಸಂಗೀತರತ್ನಾಕರದಲ್ಲಿ 15 ಗಮಕಗಳಾಗಿ ಎಣಿಸಿದ. ವೇಗ ಏರಿಸಿದ ತಂತ್ರಾಂಶ ಅಷ್ಟನ್ನೂ ಒಂದೇ ಹೆಸರಿನಡಿ ಸೇರಿಸಿತು: ದೋಷ. ಹಿಂದೆ ಹಾರ್ಮೋನಿಯಂ ಮೇಲೂ ಇದೇ ದೂರಿತ್ತು, ಮಣೆಯಿಂದ ಮಣೆಗೆ ಜಿಗಿಯುತ್ತದೆ, ನಡುವೆ ಜಾರಲು ಬಾರದು ಎಂದು. 1940ರಲ್ಲಿ ಆಲ್ ಇಂಡಿಯಾ ರೇಡಿಯೊ ಅದನ್ನು ಹೊರಗಟ್ಟಿ ಮೂರು ದಶಕ ಒಳಗೆ ಬಿಡಲಿಲ್ಲ. ಪಾಪ, ಅದು ಈಗ ಹೊಸ ವೇಷದಲ್ಲಿ ನೇರ ಗಂಟಲಿಗೇ ಬಂದು ಕೂತಿದೆ.

ಕೊನೆಗೆ ಪ್ರಯೋಗ. ಗ್ರಂಥಕರ್ತನು ಅಕ್ಕನ ಮಗನ ಕೋಣೆಯಲ್ಲಿ ತೋಡಿಯ ದೇವರನಾಮವೊಂದನ್ನು ಹಾಡಿದನು. ಮೊದಲ ಸಲ ತಂಬೂರಿಯ ನಾದವೂ ಮೈಕಿಗೆ ಹೊಕ್ಕು, ಒಂದು ಸಲಕ್ಕೆ ಒಂದೇ ದನಿ ಬೇಕೆನ್ನುವ ತಂತ್ರಾಂಶ ಗಲಿಬಿಲಿಗೊಂಡಿತು. ತಂಬೂರಿಯನ್ನು ಹೆಡ್‌ಫೋನಿಗೆ ಹಾಕಿ ಮತ್ತೆ ಹಾಡಿದ್ದಾಯಿತು. ‘ಮಾಮ, ಸ್ವಲ್ಪ ತಿದ್ದಲಾ, ಪೂರ್ತಿ ತಿದ್ದಲಾ?’ ಎಂದ ಹುಡುಗ. ಕಾಸು ಕೊಟ್ಟ ಮೇಲೆ ಪೂರ್ತಿಯೇ ಇರಲಿ ಎಂದೆ.

ತಿದ್ದಿದ್ದನ್ನು ಸೋದರತ್ತೆಗೆ ಕೇಳಿಸಿದೆ. ಹಳೆಯ ಕಾಲದ ಪಾಠ ಅವರದು. ಕಣ್ಣುಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತ ಪೂರ್ತಿ ಕೇಳಿದರು.

‘ಹಾರ್ಮೋನಿಯಂ ಚೆನ್ನಾಗಿದೆ ಕಣೋ,’ ಎಂದರು. ‘ಹಾಡೋರು ಯಾವಾಗ ಶುರು ಮಾಡ್ತಾರೆ?’