ಹಳೇದಿದ್ರೆ ಕೊಡಿ

ತುಮಕೂರಿನ ಮಂಡಿಪೇಟೆಯ ಅಕ್ಕಿ ಅಂಗಡಿಗಳವರು ಗಿರಾಕಿಯನ್ನು ಮುಖ ನೋಡಿಯೇ ವಿಂಗಡಿಸಿಬಿಡುತ್ತಾರೆ. ಸಾಲ ಹೇಳುವವರು, ಚೌಕಾಸಿಯವರು, ನಾಲ್ಕು ಕಾಳು ಬಾಯಿಗೆಸೆದುಕೊಂಡು ಮುಂದಿನ ಅಂಗಡಿಗೆ ಹೋಗುವವರು. ಇವರೆಲ್ಲರನ್ನೂ ಬಿಟ್ಟು ಇನ್ನೊಂದು ಜಾತಿಯಿದೆ: ‘ಹಳೇದಿದ್ರೆ ಕೊಡಿ’ ಎನ್ನುವವರು. ನಮ್ಮ ಬೀದಿಯ ನಿವೃತ್ತ ಮೇಷ್ಟ್ರು ಆ ಜಾತಿಯ ಕುಲಗುರು.

ಮೇಷ್ಟ್ರ ಪ್ರಕಾರ ಹೊಸದು ಯಾವುದೂ ಬಾಯಿಗಿಡುವಂಥದ್ದಲ್ಲ. ಹೊಸ ಅಕ್ಕಿ ಮುದ್ದೆಯಾಗುತ್ತದೆ. ಹೊಸ ಹುಣಸೆ ಹಲ್ಲು ಜುಮ್ಮೆನ್ನಿಸುತ್ತದೆ. ಹೊಸ ಬೆಲ್ಲಕ್ಕೆ ಕಫ. ತುಪ್ಪ ಹತ್ತು ವರ್ಷ ಕಳೆದರೆ ಔಷಧವೆಂದು ಆಯುರ್ವೇದದವರೇ ಹೇಳಿದ್ದಾರೆ. ಇಲ್ಲಿಯವರೆಗೆ ನಮ್ಮದೇನೂ ತಕರಾರಿಲ್ಲ. ವರ್ಷ ಕಳೆದ ಅಕ್ಕಿ ನೀರು ಹೆಚ್ಚು ಹೀರಿ ಅಗುಳಗುಳಾಗಿ ಉದುರುವುದು ನಿಜವೇ. ತಕರಾರು ಹುಟ್ಟುವುದು ಜೇಬಿಗೆ ಕೈಹಾಕುವಾಗ. ಅಕ್ಕಿ ಹಳೆಯದಾಗಬೇಕಾದರೆ ಯಾರೋ ಒಬ್ಬ ಬಂಡವಾಳ ಸುರಿದು, ಗೋದಾಮಿಗೆ ಬಾಡಿಗೆ ಕಟ್ಟಿ, ಇಲಿ ಹೆಗ್ಗಣ ಕಾದು, ಸುಮ್ಮನೆ ಕೂತಿರಬೇಕು. ಹಾಗೆ ಸುಮ್ಮನೆ ಕೂತಿದ್ದಕ್ಕೆ ಕೂಲಿ ಕೊಡಲು ಮೇಷ್ಟ್ರು ಸುತರಾಂ ತಯಾರಿಲ್ಲ.

‘ಅಲ್ಲಯ್ಯ, ಹೊಸದಕ್ಕಿಂತ ಹಳೇದಕ್ಕೆ ಜಾಸ್ತಿ ರೇಟ್ ಹೇಳ್ತೀಯಲ್ಲ, ನನ್ನ ಹಳೇ ಸ್ಕೂಟರ್‌ಗೆ ಹಂಗೆ ಕೊಡ್ತಾರಾ?’

ಅಂಗಡಿಯವನಿಗೂ ಹೊಟ್ಟೆಪಾಡು. ಹುಡುಗನಿಗೆ ಕಣ್ಣಲ್ಲೇ ಹೇಳುತ್ತಾನೆ: ಒಳಗಿನ ಮೂಟೆ ತಗಿ. ಒಳಗಿನ ಮೂಟೆಯೆಂದರೆ ಹೋದ ಮಳೆಗಾಲ ಸೂರು ಸೋರಿದ ಮೂಲೆಯದ್ದು. ಅಕ್ಕಿ ಹಳದಿಗೆ ತಿರುಗಿರುತ್ತದೆ, ಅಂಗೈಯಲ್ಲಿ ಉಜ್ಜಿದರೆ ಪುಡಿ ಹತ್ತುತ್ತದೆ, ಕಪ್ಪು ಹುಳುಗಳು ಬೆಳಕಿಗೆ ಗಾಬರಿಯಾಗಿ ಓಡುತ್ತವೆ. ಮೇಷ್ಟ್ರು ಕನ್ನಡಕ ಹಣೆಗೇರಿಸಿ ಒಂದು ಹುಳುವನ್ನು ಬೆರಳ ತುದಿಗೆ ಹತ್ತಿಸಿಕೊಂಡು ನೋಡುತ್ತಾರೆ. ‘ಹುಳ ಐತೆ ಅಂದ್ರೆ ಔಷಧಿ ಹೊಡೆದಿಲ್ಲ. ಅಸಲಿ ಮಾಲು!’

ಮನೆಯಲ್ಲಿ ಅನ್ನ ಮುಗ್ಗಲು ನಾತ ಹೊಡೆಯುತ್ತದೆ. ಆಗ ಅವರ ನಿಜವಾದ ಪ್ರತಿಭೆ ಹೊರಬೀಳುವುದು. ಮೋಸಹೋದೆ ಎನ್ನುವ ಮಾತೇ ಅವರ ಬಾಯಲ್ಲಿಲ್ಲ. ‘ಇನ್ನೂ ಪೂರ್ತಿ ಹಳೇದಾಗಿಲ್ಲ ಕಣೇ. ಅಟ್ಟಕ್ಕೆ ಹಾಕು.’ ಹೀಗೆ ಅಟ್ಟ ಸೇರಿದ್ದು ಅಕ್ಕಿಯೊಂದೇ ಅಲ್ಲ. ಅಲ್ಲಿ ಕರಗಿ ಕಾಗದ ನೆಕ್ಕುತ್ತಿರುವ ಬೆಲ್ಲದಚ್ಚುಗಳಿವೆ, ಘಾಟು ಹಿಡಿದ ತುಪ್ಪದ ಡಬ್ಬಿಯಿದೆ. ಹುಣಸೆಯ ಬುಟ್ಟಿಯದೇ ಒಂದು ಕತೆ. ತುಮಕೂರು ಹುಣಸೆಗೆ ಹೆಸರಾದ ಮಾರುಕಟ್ಟೆ. ಪೇಟೆಗೆ ಕೆಂಪು ಹಣ್ಣೇ ಬೇಕು. ಇಟ್ಟಷ್ಟೂ ಕಪ್ಪಾಗುತ್ತದೆಂದು ವ್ಯಾಪಾರಿಗಳು ಶೈತ್ಯಾಗಾರದಲ್ಲಿಟ್ಟು ಬಣ್ಣ ಕಾಪಾಡಿಕೊಳ್ಳುತ್ತಾರೆ. ಹಳೆಯದು ಅಗ್ಗಕ್ಕೇ ಸಿಗುವ ಈ ಒಂದು ಸರಕಿನಲ್ಲಾದರೂ ಮೇಷ್ಟ್ರು ಗೆಲ್ಲಬೇಕಿತ್ತು. ಅವರು ಅದರಲ್ಲೂ ಇನ್ನಷ್ಟು ಅಗ್ಗದ್ದು ಹುಡುಕಿ ಬೀಜ, ನಾರು, ಮರಳು ಸಮೇತ ತಂದರು.

ಇತ್ತ ಗುಬ್ಬಿಯಲ್ಲಿ ಅವರ ಅತ್ತೆ ಉಪ್ಪು ಹಾಕಿ ಭರಣಿಗೆ ತುಂಬಿದ ಹುಣಸೆ ಟಾರಿನಂತೆ ಕಪ್ಪಗೆ ಮಿರುಗುತ್ತಾ ಕೂತಿದೆ. ಒಂದು ಉಂಡೆ ಹಾಕಿದರೆ ಪುಳಿಯೋಗರೆ ಮೂರು ಮನೆಗೆ ಘಮ್ಮೆನ್ನುತ್ತದೆ. ಮೇಷ್ಟ್ರಿಗೆ ಅದರ ಮೇಲೆ ನಂಬಿಕೆಯಿಲ್ಲ. ‘ಪುಕ್ಕಟೆ ಕೊಡ್ತಾರೆ ಅಂದ್ರೆ ಏನೋ ಐಬಿರ್ಬೇಕು.’

ಇಂಥವರ ಕಿವಿಗೆ ಚೀನಾದ ಹಳೇ ಚಹಾದ ಸುದ್ದಿ ಬಿದ್ದರೆ ಕೇಳಬೇಕೆ? ಬೆಂಗಳೂರಿನ ಕಂಪನಿಯೊಂದರಲ್ಲಿರುವ ಅಣ್ಣನ ಮಗ ಹೇಳಿದ್ದು. ಯುನ್ನಾನ್ ಪ್ರಾಂತ್ಯದ ಪು-ಎರ್ ಎಂಬ ಚಹಾ, ಎಲೆಯನ್ನು ಹಬೆಯಲ್ಲಿ ಮೆತ್ತಗಾಗಿಸಿ 357 ಗ್ರಾಂ ಬಿಲ್ಲೆಯಾಗಿ ಒತ್ತಿ ವರ್ಷಗಟ್ಟಲೆ ಇಡುತ್ತಾರೆ, ಹಳೆಯದಾದಷ್ಟೂ ಬೆಲೆ. ಮೇಷ್ಟ್ರು ಮಾರನೆಯ ದಿನವೇ ಫೋನಿನಲ್ಲಿ ತರಿಸಿದರು. ಬೆಲೆ ಆರುನೂರು ರೂಪಾಯಿ. ಹೊದಿಕೆಯ ಮೇಲೆ ಚೀನೀ ಅಕ್ಷರಗಳ ನಡುವೆ ಓದಲು ಬಂದದ್ದು 1998 ಒಂದೇ. ಆ ಕಾಗದವೋ, ನಿನ್ನೆ ಅಶೋಕ ರಸ್ತೆಯ ಪ್ರೆಸ್ಸಿನಿಂದ ಬಂದಷ್ಟು ಗರಿಗರಿ. ‘ನೋಡು, ಎಷ್ಟು ಜೋಪಾನವಾಗಿ ಇಟ್ಟವ್ರೆ!’

ಬಿಲ್ಲೆ ಕೈಯಲ್ಲಿ ಮುರಿಯಲಿಲ್ಲ. ಅತ್ತೆ ಮನೆಯಿಂದ ಬಂದಿದ್ದ ಅಡಕತ್ತರಿ ತಂದು, ಬಿಲ್ಲೆಯನ್ನು ಮೊಳಕಾಲಿಗೆ ಅವುಚಿಕೊಂಡು ಅದುಮಿದರು. ಒಂದು ಚೂರು ಹಾರಿ ದೇವರ ಮನೆ ಸೇರಿತು. ಇನ್ನೊಂದು ಚೂರನ್ನು ಹಾಲು, ಬೆಲ್ಲ, ಶುಂಠಿ ಹಾಕಿ ಉಕ್ಕಿಸಿದರು. ಕುಣಿಗಲ್‌ನಿಂದ ಬಂದಿದ್ದ ಭಾವಮೈದ ಒಂದು ಗುಟುಕು ಕುಡಿದು, ಲೋಟ ಕೆಳಗಿಟ್ಟು, ‘ಭಾವ, ಇದನ್ನ ಹಸೀನೇ ಇದ್ದಾಗ ಕೆರೆಗೆ ಹಾಕಿದ್ರಾ?’ ಎಂದ. ಕುಣಿಗಲ್ ಕೆರೆಯ ಏರಿ ಪಕ್ಕದಲ್ಲೇ ಹುಟ್ಟಿ ಬೆಳೆದವನು. ಆ ವಾಸನೆ ಅವನಿಗೆ ತಪ್ಪುವಂತಿಲ್ಲ.

ಅವನ ಮೂಗು ಸರಿಯಾಗಿಯೇ ಇತ್ತು. ಕಾಯಲಾರದವರಿಗೆಂದು 1973ರಲ್ಲಿ ಕುನ್‌ಮಿಂಗ್‌ನ ಚಹಾ ಕಾರ್ಖಾನೆಯಲ್ಲಿ, ಎಲೆಯ ರಾಶಿಗೆ ನೀರು ಚಿಮುಕಿಸಿ, ಹೊದಿಸಿ, ಕಾವೇರಿಸಿ ಕೆಲವೇ ವಾರಗಳಲ್ಲಿ ಮಾಗಿಸುವ ವಿಧಾನ ರೂಪಿಸಿದರು. ಅದು ಮೋಸವಲ್ಲ. ನಮ್ಮ ಗಿರಣಿಯವರು ಹೊಸ ಭತ್ತಕ್ಕೆ ಹಬೆ ಕೊಟ್ಟು ‘ಸ್ಟೀಮ್ ರೈಸ್’ ಮಾಡುವುದಿಲ್ಲವೇ, ಹಾಗೆ. ಮೋಸವಿರುವುದು ಕಳಪೆ ಎಲೆಯನ್ನು ತೇವದ ಗೋದಾಮಿನಲ್ಲಿ ಮುಗ್ಗಿಸಿ, ಮೇಲೊಂದು ಇಸವಿ ಅಚ್ಚು ಹಾಕುವುದರಲ್ಲಿ. ಒಳಗಿನ ಮೂಟೆ ಯುನ್ನಾನ್‌ನಲ್ಲೂ ಇರುತ್ತದೆ.

ಇದನ್ನು ಮೇಷ್ಟ್ರಿಗೆ ಹೇಳಿದವರು ಕೆಟ್ಟರು. ‘1998 ಅಂದ್ರೆ ಇನ್ನೂ ಎಳಸು. ಐದೊರ್ಷ ಇಟ್ರೆ ನೋಡಿ’ ಎಂದು ಬಿಲ್ಲೆಯನ್ನು ಅಟ್ಟ ಹತ್ತಿಸಿದರು. ಗೌರಿ ಹಬ್ಬಕ್ಕೆ ಹಿತ್ತಾಳೆ ಪಾತ್ರೆ ಇಳಿಸಲು ಮೇಲೇರಿದ ಅವರ ಹೆಂಡತಿ ಕಾಲಿಡಲು ಜಾಗವಿಲ್ಲದೆ ಏಣಿಯ ಮೇಲಿನಿಂದಲೇ ಗಂಡನ ವಂಶಾವಳಿ ಓದುತ್ತಿದ್ದಾಗ, ಬೆಂಗಳೂರಿನಿಂದ ಹುಡುಗನ ಫೋನು ಬಂತು. ಅದೇ ಚಹಾ ಮಾರಿದವರು ಆಫರ್ ಬಿಟ್ಟಿದ್ದಾರಂತೆ, 1988ರ ಬಿಲ್ಲೆ, ಬರೀ ಐನೂರು.

ಮೇಷ್ಟ್ರು ಹೆಂಡತಿಗೆ ಕೇಳದಂತೆ ಫೋನಿಗೆ ಕೈ ಅಡ್ಡ ಹಿಡಿದು ವಿಚಾರಿಸಿದರು: ‘ಎರಡು ತಗೊಂಡ್ರೆ ಇನ್ನೂ ಸ್ವಲ್ಪ ಹಳೇದು ಮಾಡ್ಕೊಡ್ತಾರೇನೋ ಕೇಳು.’